ಮ್ಯಾಂಡರಿನ್ ಬೇಕೆಂದರೆ ಮೊದಲು ಹುಳ ಸಾಕಿ

ಯಾದಗಿರಿ, ಶಹಾಪುರ, ಸುರಪುರದ ಮನೆ, ದವಾಖಾನೆ, ಬಂಗಾರದಂಗಡಿಗಳಲ್ಲಿ ಮೀನಿನ ಟ್ಯಾಂಕ್ ಕೂಡಿಸಿಕೊಡುವುದು, ಆಮೇಲೆ ಅದನ್ನು ನೋಡಿಕೊಳ್ಳುವುದು ನನ್ನ ಕಸುಬು. ಬಹುಪಾಲು ಗೋಲ್ಡ್‌ಫಿಶ್, ಗಪ್ಪಿ, ಅರೋವಾನಾ ಇರುವ ಸಿಹಿನೀರಿನ ಟ್ಯಾಂಕ್‌ಗಳೇ. ಉಪ್ಪುನೀರಿನವು ಬೆರಳೆಣಿಕೆಯಷ್ಟು. ಆದರೆ ಉಪ್ಪುನೀರಿಗೆ ಕೈ ಹಾಕಿದವರು, ಒಂದು ಜೋಡಿ ಕ್ಲೌನ್‌ಫಿಶ್ ನಾಲ್ಕು ತಿಂಗಳು ಬದುಕಿದವೆಂದರೆ ಸಾಕು, ಫೋನ್ ಚಾಚಿ ತೋರಿಸುವ ಫೋಟೊ ಒಂದೇ. ಕಿತ್ತಳೆ ಮೈ, ಮೈತುಂಬ ನೀಲಿ–ಹಸಿರು ಸುರುಳಿ ಗೆರೆ, ತಲೆಯ ಮೇಲೆ ಉಬ್ಬಿದ ಎರಡು ಕಣ್ಣು. "ಇದು ಬೇಕ್ರಿ ನನಗ. ಎಷ್ಟಾಗ್ತದ?"

ಅದು ಮ್ಯಾಂಡರಿನ್, ಡ್ರ್ಯಾಗನೆಟ್ ಮೀನುಗಳ ಕುಟುಂಬದ್ದು. ಬೆರಳುದ್ದ ಬೆಳೆದರೆ ಹೆಚ್ಚು. ಜಪಾನಿನ ದಕ್ಷಿಣದ ರ್ಯೂಕ್ಯೂ ದ್ವೀಪಗಳಿಂದ ಫಿಲಿಪ್ಪೀನ್ಸ್, ಇಂಡೋನೇಷ್ಯಾ ದಾಟಿ ಆಸ್ಟ್ರೇಲಿಯಾದವರೆಗೆ ಹವಳದ ಸಂದಿಗಳಲ್ಲಿ ಇರುತ್ತದೆ. 1927ರಲ್ಲಿ ಆಲ್ಬರ್ಟ್ ಹೆರ್ರೆ ಎಂಬ ಮತ್ಸ್ಯವಿಜ್ಞಾನಿ ಫಿಲಿಪ್ಪೀನ್ಸ್‌ನಲ್ಲಿ ಸಿಕ್ಕ ಮೀನು ನೋಡಿ ಇದನ್ನು ಮೊದಲು ವರ್ಣಿಸಿದ. ಇದರ ನೀಲಿ ಬಲು ಅಪರೂಪದ್ದು. ಹಕ್ಕಿ, ಚಿಟ್ಟೆಗಳಲ್ಲಿ ನಾವು ಕಾಣುವ ನೀಲಿ ಬಹುಮಟ್ಟಿಗೆ ಬೆಳಕಿನ ಚದುರಾಟ. ಈ ಮೀನಿನ ಚರ್ಮದಲ್ಲಿ ನಿಜವಾದ ನೀಲಿ ಬಣ್ಣದ ಕೋಶಗಳೇ ಇವೆ. ಜಪಾನಿನ ಗೋಡಾ ಮತ್ತು ಫುಜಿ ಎಂಬ ವಿಜ್ಞಾನಿಗಳು 1995ರಲ್ಲಿ ಇದನ್ನು ತೋರಿಸಿಕೊಟ್ಟರು.

ಎಷ್ಟಾಗ್ತದ ಎಂದವರಿಗೆ ನಾನು ಬೆಲೆ ಹೇಳುವುದಿಲ್ಲ. ಕೆಳಗಿನದನ್ನು ಹೇಳುತ್ತೇನೆ. ಅರ್ಧ ಜನ ಎರಡನೆಯ ಪಾಠಕ್ಕೇ ಎದ್ದು ಹೋಗುತ್ತಾರೆ. ಹೋಗಲಿ, ಒಂದು ಮೀನು ಉಳಿಯಿತು.

1. ಬಣ್ಣ ನೋಡಬೇಡಿ, ಬಾಯಿ ನೋಡಿ

ಮ್ಯಾಂಡರಿನ್ ಇರುವ ಟ್ಯಾಂಕಿನ ಮುಂದೆ ಅರ್ಧ ತಾಸು ಸುಮ್ಮನೆ ಕೂತರೆ ಪೂರ್ತಿ ವಿಷಯ ತಿಳಿಯುತ್ತದೆ. ಅದು ಈಜುವುದು ಕಡಿಮೆ. ಎದೆಯ ರೆಕ್ಕೆ ಬಡಿಯುತ್ತ ಬಂಡೆಯಿಂದ ಒಂದು ಬೆರಳಷ್ಟು ಮೇಲೆ ತೇಲುತ್ತದೆ, ನಿಲ್ಲುತ್ತದೆ. ಒಂದು ಕಣ್ಣು ಕೆಳಗೆ ಹೊರಳುತ್ತದೆ. ತಲೆ ಓರೆಯಾಗುತ್ತದೆ. ಟಕ್ ಎಂದು ಬಾಯಿ ಮುಂದೆ ಬಂದು ಏನನ್ನೋ ಹೆಕ್ಕುತ್ತದೆ. ಹೆಕ್ಕಿದ್ದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಮತ್ತೆ ಒಂದಿಂಚು ಮುಂದೆ, ಮತ್ತೆ ಟಕ್. ಬೆಳಗಿನಿಂದ ಸಂಜೆತನಕ ಇದೇ ಕೆಲಸ.

ಅದು ಹೆಕ್ಕುವುದು ಕೊಪೆಪಾಡ್ ಎಂಬ ಜೀವಿಗಳನ್ನು. ಸಿಗಡಿಯ ದೂರದ ನೆಂಟರು, ಒಂದು ಮಿಲಿಮೀಟರಿಗಿಂತ ಚಿಕ್ಕವು. ಜೊತೆಗೆ ಆಂಫಿಪಾಡ್, ಸಣ್ಣ ಹುಳ, ಮೀನಿನ ತತ್ತಿ. ಬಾಯಿ ಅಷ್ಟೇ ಚಿಕ್ಕದು, ಹೊಟ್ಟೆಗೆ ಹೋಗುವುದು ಒಂದೊಂದೇ ಕಣ. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಚಿಟಿಕೆ ಕಾಳು ಹಾಕಿ ಸಾಕುವ ಮೀನು ಇದಲ್ಲ. ಕಾಡಿನಿಂದ, ಅಂದರೆ ಸಮುದ್ರದಿಂದ ಹಿಡಿದು ತಂದವು ಕಾಳನ್ನು ಆಹಾರವೆಂದೇ ಗುರುತಿಸುವುದಿಲ್ಲ. ಮೂಗಿನ ಮುಂದೆ ಬಿದ್ದರೂ ಪಕ್ಕದ ಬರಿ ಬಂಡೆಯನ್ನೇ ಕುಕ್ಕುತ್ತವೆ.

"ಮೀನ ಛಂದ ಅದ್ರಿ, ಬಣ್ಣ ಹಂಗೇ ಅದ, ಆದ್ರ ಏನೂ ತಿನ್ನವಲ್ದು" ಎಂದು ಸುರಪುರದಿಂದ ಒಬ್ಬರು ಫೋನ್ ಮಾಡಿದಾಗ ಆ ಮೀನು ಬಂದು ಆರು ವಾರವಾಗಿತ್ತು. ಹೋಗಿ ನೋಡಿದರೆ ತಲೆಯ ಹಿಂದೆ ಗುಣಿ, ಹೊಟ್ಟೆ ಬೆನ್ನಿಗೆ ಹತ್ತಿದೆ. ಹಸಿವಿನಿಂದ ಸಾಯುವ ಮ್ಯಾಂಡರಿನ್ ಕೊನೆತನಕ ಹೊಳೆಯುತ್ತಲೇ ಇರುತ್ತದೆ. ಬಣ್ಣ ನೋಡಿ ಆರೋಗ್ಯ ಅಳೆಯುವ ನಮ್ಮ ರೂಢಿ ಇಲ್ಲಿ ಕೈಕೊಡುತ್ತದೆ.

2. ಟ್ಯಾಂಕ್ ಹಳೆಯದಾಗಬೇಕು

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂಮುಕ್ಕಾಲು ಅಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 290 ಲೀಟರ್ ನೀರು ಹಿಡಿಯುತ್ತದೆ. ಒಂದು ಮ್ಯಾಂಡರಿನ್‌ಗೆ ನಾನು ಒಪ್ಪುವ ಕನಿಷ್ಠ ಅಳತೆ ಅದು. ಗಾಜು, ಬಂಡೆ, ನೀರು ಸೇರಿ ತೂಕ ನಾಲ್ಕು ಕ್ವಿಂಟಲಿನ ಹತ್ತಿರ ಬರುತ್ತದೆ. ಹಳೆ ಮನೆಯ ಮಾಳಿಗೆಯ ಮೇಲಿಡುವ ಮಾತೇ ಬೇಡ.

ನೀರು ತುಂಬಿಸಿದ ಮೇಲೆ ಅಮೋನಿಯವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ತಿರುಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕಾರು ವಾರ ಬೇಕು. ಗಟ್ಟಿ ಮೀನುಗಳಿಗೆ ಅಷ್ಟು ಸಾಕು. ಮ್ಯಾಂಡರಿನ್‌ಗೆ ಅದು ಆರಂಭ ಮಾತ್ರ. ಆಮೇಲೆ ಬಂಡೆಯ ಮೇಲೆ ಪಾಚಿ ಹತ್ತಬೇಕು, ಪಾಚಿಯ ಮೇಲೆ ಕೊಪೆಪಾಡ್ ಹಬ್ಬಬೇಕು. ಕನಿಷ್ಠ ಆರು ತಿಂಗಳು, ಒಂದು ವರ್ಷವಾದರೆ ಇನ್ನೂ ಛಲೋ. ಹದ ಬರದ ಹೊಲಕ್ಕೆ ಜೋಳ ಬಿತ್ತಿ ಮೊಳಕೆ ಬರಲಿಲ್ಲ ಎಂದು ಬೀಜದವನ ಜೊತೆ ಜಗಳಕ್ಕೆ ನಿಲ್ಲುವವರು ನಮ್ಮಲ್ಲಿ ಕಡಿಮೆ, ಆದರೆ ಹೊಸ ಟ್ಯಾಂಕಿಗೆ ಮ್ಯಾಂಡರಿನ್ ಬಿಟ್ಟು ಅಂಗಡಿಯವನನ್ನು ಬೈಯುವವರು ಬಹಳ.

ಟ್ಯಾಂಕ್ ತಯಾರಾಗಿದೆಯೋ ಇಲ್ಲವೋ ನೋಡುವ ಉಪಾಯ ಸರಳ. ಲೈಟ್ ಆರಿಸಿ ಎರಡು ತಾಸು ಬಿಟ್ಟು, ಟಾರ್ಚ್ ಹಿಡಿದು ಗಾಜಿಗೆ ಕಣ್ಣು ತಾಗಿಸಿ. ಗಾಜಿನ ಮೇಲೆ ಬಿಳಿ ಚುಕ್ಕಿಗಳು ಗಕ್ಕನೆ ನೆಗೆದು ನಿಂತು, ಮತ್ತೆ ನೆಗೆಯುತ್ತಿದ್ದರೆ ಅವೇ ಕೊಪೆಪಾಡ್. ಅಂಗೈಯಗಲದ ಜಾಗದಲ್ಲಿ ಹತ್ತಾರು ಕಂಡರೆ ಮುಂದಿನ ಮಾತು. ಹುಡುಕಿ ಹುಡುಕಿ ಎರಡು ಮೂರು ಸಿಕ್ಕರೆ ಇನ್ನೂ ಕಾಯಿರಿ.

ಬಂಡೆಯ ಬಗ್ಗೆ ಒಂದು ಎಚ್ಚರಿಕೆ. ಹೊರದೇಶದವರ ವಿಡಿಯೊ ನೋಡಿ ಎಲ್ಲರೂ ಲೈವ್ ರಾಕ್, ಅಂದರೆ ಜೀವಿಗಳು ನೆಲೆಸಿದ ಸಮುದ್ರದ ಬಂಡೆ, ಕೇಳುತ್ತಾರೆ. ರಾಮೇಶ್ವರದ ಕಡೆಯದು ಎಂದು ಹೇಳಿ ಹವಳದ ತುಂಡು ಮಾರುವವರೂ ಇದ್ದಾರೆ. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಅಂಥ ತುಂಡು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ರಂಧ್ರಗಳಿರುವ ಒಣ ಬಂಡೆ, ಸುಟ್ಟ ಸೆರಾಮಿಕ್ ಬಂಡೆ ಸಿಗುತ್ತದೆ, ಅದನ್ನೇ ತನ್ನಿ. ಶಹಾಬಾದ್ ಪರಸಿಯೂ ಸುಣ್ಣದ ಕಲ್ಲೇ ಅಲ್ಲವೇ ಎಂದು ಕೇಳುತ್ತಾರೆ. ಹೌದು, ನೀರು ಕೆಡಿಸುವುದಿಲ್ಲ. ಆದರೆ ಅದರೊಳಗೆ ಸಂದಿಯಿಲ್ಲ, ಕೊಪೆಪಾಡ್ ಅಡಗಿ ಮರಿಮಾಡಲು ಜಾಗವಿಲ್ಲ.

3. ಬಾಟಲಿಯಲ್ಲಿ ಹಸಿರು, ಬಕೆಟಿನಲ್ಲಿ ಹುಳ

ದೊಡ್ಡ ಊರಿನವರು ವಾರಕ್ಕೊಂದು ಬಾಟಲಿ ಕೊಪೆಪಾಡ್ ಕೊಂಡು ಸುರಿಯಬಹುದು. ಶಹಾಪುರದಲ್ಲಿ ಕೂತು ಅದು ಆಗದ ಮಾತು. ಮನೆಯಲ್ಲೇ ಬೆಳೆಸಬೇಕು. ನಿಜ ಹೇಳಬೇಕೆಂದರೆ ಮ್ಯಾಂಡರಿನ್ ಸಾಕುವುದೆಂದರೆ ಇದೇ ಕೆಲಸ, ಮೀನು ನೆಪ.

ಎರಡು ಹಂತ. ಮೊದಲನೆಯದು ಹಸಿರುನೀರು. ನ್ಯಾನೊಕ್ಲೋರಾಪ್ಸಿಸ್ ಎಂಬ ಕಣ್ಣಿಗೆ ಕಾಣದ ಪಾಚಿಯನ್ನು ಎರಡು ಲೀಟರಿನ ತಂಪುಪಾನೀಯದ ಬಾಟಲಿಯಲ್ಲಿ ಬೆಳೆಸಬಹುದು. ಉಪ್ಪುನೀರು, ಪಾಚಿಗೆಂದೇ ಬರುವ ಎಫ್/2 ಗೊಬ್ಬರ, ಒಂದು ಬಿಳಿ ಎಲ್‌ಇಡಿ ಬಲ್ಬ್, ತಳದವರೆಗೆ ಮುಟ್ಟುವ ಗಾಳಿಯ ನಳಿಕೆ. ವಾರದಿಂದ ಹತ್ತು ದಿನದೊಳಗೆ ತಿಳಿಹಸಿರು ಹೋಗಿ ಕಡುಹಸಿರು ಬರುತ್ತದೆ. ಅರ್ಧ ತೆಗೆದು ಫ್ರಿಜ್ಜಿಗೆ, ಉಳಿದರ್ಧಕ್ಕೆ ಹೊಸ ಉಪ್ಪುನೀರು, ಗೊಬ್ಬರ. ಫ್ರಿಜ್ಜಿನಲ್ಲಿಟ್ಟದ್ದನ್ನು ದಿನಕ್ಕೊಮ್ಮೆ ಅಲುಗಾಡಿಸಿ, ಇಲ್ಲದಿದ್ದರೆ ತಳ ಹಿಡಿದು ಕೊಳೆಯುತ್ತದೆ. ಹಸಿರು ಹಳದಿಗೆ ತಿರುಗಿ ವಾಸನೆ ಬಂದರೆ ಚೆಲ್ಲಿಬಿಡಿ. ಏಪ್ರಿಲ್‌ನಲ್ಲಿ ಅಡುಗೆಮನೆಯ ಕಪಾಟಿನ ಮೇಲಿಟ್ಟ ಬಾಟಲಿ ಎರಡೇ ದಿನಕ್ಕೆ ಸಾಯುತ್ತದೆ. ಮನೆಯ ಅತಿ ತಂಪು ಮೂಲೆ ಯಾವುದೋ ಅದು ಈ ಬಾಟಲಿಗೆ.

ಎರಡನೆಯದು ಹುಳದ ಬಕೆಟ್. ಹತ್ತು ಲೀಟರಿನ ಬಿಳಿ ಬಕೆಟ್, ಮುಕ್ಕಾಲು ಉಪ್ಪುನೀರು, ನಿಧಾನಕ್ಕೆ ದಪ್ಪ ಗುಳ್ಳೆ ಬಿಡುವ ಗಾಳಿ. ಏರ್‌ಸ್ಟೋನ್ ಹಾಕಬೇಡಿ, ಸಣ್ಣ ಗುಳ್ಳೆ ಅವುಗಳ ಮೈಗೆ ಹತ್ತಿ ಮೇಲೆ ತೇಲಿಸುತ್ತದೆ. ಟಿಸ್ಬೆ ಜಾತಿಯ ಕೊಪೆಪಾಡ್ ನನ್ನ ಮೊದಲ ಆಯ್ಕೆ. ಚಿಕ್ಕದು, ಬಂಡೆಯ ಸಂದಿ ಹಿಡಿದು ಬದುಕುತ್ತದೆ, ಅನುಕೂಲವಿದ್ದರೆ ಎರಡು ವಾರದೊಳಗೆ ಹೊಸ ತಲೆಮಾರು ಬರುತ್ತದೆ. ಟಿಗ್ರಿಯೋಪಸ್ ದೊಡ್ಡದು, ಕಿತ್ತಳೆ ಬಣ್ಣದ್ದು, ನೋಡಲು ಖುಷಿ, ಆದರೆ ತೆರೆದ ಜಾಗಕ್ಕೆ ಬಂದು ಈಜಿ ಬೇಗ ತಿನಿಸಾಗಿಬಿಡುತ್ತದೆ. ನೀರಿಗೆ ತೆಳು ಹಸಿರು ಬರುವಷ್ಟೇ ಪಾಚಿ ಹಾಕಿ. ನೀರು ತಿಳಿಯಾದ ಮೇಲೆ ಮತ್ತೆ ಹಾಕಿ. ಪ್ರೀತಿ ಹೆಚ್ಚಾಗಿ ಕಡುಹಸಿರು ಮಾಡಿದಿರೋ, ರಾತ್ರಿಯೊಳಗೆ ಆಮ್ಲಜನಕ ಮುಗಿದು ಇಡೀ ಬಕೆಟ್ ತಣ್ಣಗಾಗುತ್ತದೆ. ಎರಡು ಬಕೆಟ್ ಇಡಿ, ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಹುಳದ ಬಕೆಟಿಗೆ ಅದ್ದಿದ ಲೋಟ, ನಳಿಕೆ ಯಾವುದೂ ಹಸಿರುನೀರಿನ ಬಾಟಲಿಯ ಹತ್ತಿರ ಸುಳಿಯಬಾರದು. ನಾಲ್ಕು ಕೊಪೆಪಾಡ್ ಒಳಹೊಕ್ಕರೆ ಹಸಿರೆಲ್ಲ ಖಾಲಿ.

ಸೋಸುವುದಕ್ಕೆ 53 ಮೈಕ್ರಾನ್ ಆಸುಪಾಸಿನ ಜಾಲರಿ ಬೇಕು. ಪ್ರಯೋಗಾಲಯದ ಜರಡಿ ತರಿಸುವ ಅಗತ್ಯವಿಲ್ಲ. ಲಗ್ನಪತ್ರಿಕೆ ಅಚ್ಚು ಮಾಡುವವರ ಹತ್ತಿರ ಸ್ಕ್ರೀನ್ ಪ್ರಿಂಟಿಂಗಿನ ನಯವಾದ ನೈಲಾನ್ ಬಟ್ಟೆ ಇರುತ್ತದೆ. ಹೊಸ ಬಟ್ಟೆಯ ಒಂದು ತುಂಡು ಕೇಳಿ ತಂದು, ಮೂರಿಂಚಿನ ಪಿವಿಸಿ ಪೈಪಿನ ತುಂಡಿಗೆ ಬಿಗಿದು ಅಂಟಿಸಿದರೆ ಜರಡಿ ಸಿದ್ಧ. ಬಣ್ಣ ಹತ್ತಿದ ಹಳೆ ಬಟ್ಟೆ ಮಾತ್ರ ಬೇಡ.

ಸೋಸಿದ ಹುಳವನ್ನು ಟ್ಯಾಂಕಿಗೆ ಬಿಡುವುದು ಲೈಟ್ ಆರಿದ ಮೇಲೆ, ಪಂಪ್ ನಿಲ್ಲಿಸಿ, ಒಂದು ನಳಿಕೆಯ ಮೂಲಕ ಬಂಡೆಯ ಬುಡಕ್ಕೆ. ಹಗಲಲ್ಲಿ ಮೇಲಿಂದ ಸುರಿದರೆ ಕ್ಲೌನ್‌ಫಿಶ್‌ಗಳಿಗೆ ಹಬ್ಬ.

ಇದೆಲ್ಲ ಅತಿಯಾಯಿತು ಎನ್ನುವವರಿಗೆ ಒಂದು ಮಾತು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್‌ಫಿಶ್ ಮರಿ ಮಾಡಿಸುವ ಕೆಲಸವೂ ಶುರುವಾಗುವುದು ಹಸಿರುನೀರಿನಿಂದ, ಅದನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳಿಂದ. ಸಮುದ್ರದ ದಂಡೆಯಲ್ಲಿರುವವರಿಗೇ ಇದು ತಪ್ಪಿಲ್ಲ.

4. ಬ್ಯಾಸಿಗೆ

ಮ್ಯಾಂಡರಿನ್‌ಗೆ 25ರಿಂದ 27 ಡಿಗ್ರಿ ಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 42 ದಾಟುತ್ತದೆ. ಈ ಲೆಕ್ಕ ಹೊಂದಿಸುವುದರಲ್ಲೇ ವರ್ಷದ ಅರ್ಧ ಖರ್ಚು.

ಟ್ಯಾಂಕ್ ಅತಿ ಬಿಸಿಯಾಗುವುದು ಮಧ್ಯಾಹ್ನವಲ್ಲ. ಸಿಮೆಂಟಿನ ಆರ್‌ಸಿಸಿ ಮನೆಯಲ್ಲಿ ಛತ್ತು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಯ ಮೇಲೆ ಒಳಗೆ ಬಿಡುತ್ತದೆ. ನೀರು ನಿಧಾನಕ್ಕೆ ಕಾಯುತ್ತದೆ. ಹಾಗಾಗಿ ಥರ್ಮಾಮೀಟರ್ ರಾತ್ರಿ ಒಂಬತ್ತರ ಸುಮಾರಿಗೆ ನೋಡಬೇಕು, ಮಧ್ಯಾಹ್ನ ಎರಡಕ್ಕೆ ನೋಡಿ ನಿಶ್ಚಿಂತರಾಗುವುದಲ್ಲ. ಸುರಪುರದ ಕಲ್ಲು–ಮಣ್ಣಿನ ದಪ್ಪ ಗೋಡೆಯ ಹಳೆ ಮನೆಗಳ ನಡುಮನೆ ಈ ಕೆಲಸಕ್ಕೆ ಎಸಿ ಇಲ್ಲದ ಯಾವ ಹೊಸ ಬಂಗಲೆಗಿಂತಲೂ ಮೇಲು.

ನಮ್ಮ ಬಿಸಿಲಿಗೆ ಒಂದು ಗುಣವಿದೆ: ಒಣ ಬಿಸಿಲು. ನೀರಿನ ಮೇಲ್ಮೈಗೆ ಓರೆಯಾಗಿ ಒಂದು ಸಣ್ಣ ಫ್ಯಾನ್ ಹಚ್ಚಿದರೆ ನೀರು ಆರುತ್ತ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಮಂಗಳೂರಿನವರಿಗೆ ಈ ಭಾಗ್ಯವಿಲ್ಲ. ಆದರೆ ಅದೇ ಕೋಣೆಯಲ್ಲಿ ಕೂಲರ್ ಹಚ್ಚಿ ಬಾಗಿಲು ಹಾಕಿದಿರೋ, ಗಾಳಿ ತೇವವಾಗಿ ಫ್ಯಾನಿನ ಉಪಯೋಗ ಅರ್ಧಕ್ಕರ್ಧ ಹೋಯಿತು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಕಡಿಮೆಯಾದರೂ ಟ್ಯಾಂಕ್ 30ರ ಹತ್ತಿರ ಹೋಗಿ ಕೂಡುವುದಕ್ಕೆ ಕಾರಣವೂ ಇದೇ ತೇವ. ಆಗ ನೀರು ತಣಿಸುವ ಚಿಲ್ಲರ್ ಇಲ್ಲವೇ ಎಸಿ, ಬೇರೆ ದಾರಿಯಿಲ್ಲ. ಚಿಲ್ಲರನ್ನು ಟ್ಯಾಂಕಿನ ಕೆಳಗಿನ ಕಪಾಟಿನೊಳಗೆ ಮುಚ್ಚಿಡುವ ಚಾಳಿ ಬಹಳ ಮನೆಗಳಲ್ಲಿ ನೋಡಿದ್ದೇನೆ. ಅದು ಬಿಡುವ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಂಡು ಸುಟ್ಟುಹೋಗುತ್ತದೆ.

ಫ್ಯಾನ್ ಹಚ್ಚಿದರೆ ನೀರು ಇಳಿಯುತ್ತದೆ, ಉಪ್ಪು ಉಳಿಯುತ್ತದೆ. 290 ಲೀಟರಿನಲ್ಲಿ ಹತ್ತು ಲೀಟರ್ ಆರಿದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 36 ದಾಟುತ್ತದೆ. ಮೂರು ದಿನ ಮರೆತರೆ ಹವಳ, ಸಿಗಡಿ ಮುದುಡಲು ಶುರು. ತುಂಬಿಸುವುದು ಸಿಹಿನೀರನ್ನೇ, ಉಪ್ಪುನೀರಲ್ಲ. ಇದನ್ನು ಹತ್ತು ಸಲ ಹೇಳಿದರೂ ಹನ್ನೊಂದನೆಯ ಸಲ ಯಾರೋ ಉಪ್ಪುನೀರು ಸುರಿದಿರುತ್ತಾರೆ. ಉಪ್ಪಳೆಯುವ ರಿಫ್ರಾಕ್ಟೋಮೀಟರ್‌ಗೂ ಬಿಸಿಲು ಬಡಿಯುತ್ತದೆ: ತಾಪಮಾನ ಸರಿದೂಗಿಸುವ ಅದರ ಗುಣ ಸಾಮಾನ್ಯವಾಗಿ 30 ಡಿಗ್ರಿವರೆಗೆ ಮಾತ್ರ. 40 ಡಿಗ್ರಿಯ ಕೋಣೆಯಲ್ಲಿ ಅದು ಹೇಳಿದ್ದನ್ನು ನಂಬಬೇಡಿ, ಬೆಳಿಗ್ಗೆ ಆರಕ್ಕೆ ಅಳೆಯಿರಿ.

ಕರೆಂಟ್ ಹೋದಾಗ ಎಲ್ಲರಿಗೂ ಬಿಸಿಯ ಚಿಂತೆ. ಮೊದಲು ಸಾಯಿಸುವುದು ಬಿಸಿಯಲ್ಲ, ಉಸಿರು. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30ರಲ್ಲಿ 6.2 ಮಾತ್ರ, ಬಿಸಿ ಏರಿದಂತೆ ಮೀನಿಗೆ ಬೇಕಾಗುವುದು ಮಾತ್ರ ಹೆಚ್ಚುತ್ತದೆ. ನೀರು ಅಲುಗದೆ ನಿಂತರೆ ಅದೂ ಕರಗಿ ಬರುವುದಿಲ್ಲ. ಇನ್ವರ್ಟರ್ ಇದ್ದರೆ ಅದಕ್ಕೆ ಮೊದಲು ನೀರು ಅಲುಗಿಸುವ ವೇವ್ ಮೇಕರ್ ಕೊಡಿ, ಚಿಲ್ಲರ್ ಅಲ್ಲ. ಚಿಲ್ಲರ್ ಇನ್ವರ್ಟರನ್ನೇ ನುಂಗುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ಬ್ಯಾಟರಿಯ ಏರ್‌ಪಂಪ್ ಒಂದು ಕೈಗೆಟುಕುವಂತಿರಲಿ. ಬಿಸಿಗೆ, ಮುಚ್ಚಳ ಬಿಗಿಯಾದ ಬಾಟಲಿಯಲ್ಲಿ ಐಸ್ ಕಟ್ಟಿಸಿ ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಯಾದ ಸಂಪಿನಲ್ಲಿ ತೇಲಿಬಿಡಿ, ಒಂದಾದ ಮೇಲೆ ಒಂದು. ಎಲ್ಲ ಒಮ್ಮೆಲೇ ಬೇಡ.

5. ಬೋರಿನ ನೀರು, ಅಂಗಡಿಯ ಉಪ್ಪು

ಯಾದಗಿರಿ ಜಿಲ್ಲೆಯ ಬೋರ್‌ನೀರೆಂದರೆ ಜನರಿಗೆ ಫ್ಲೋರೈಡ್ ನೆನಪಾಗುತ್ತದೆ. ಮೀನಿಗೂ ಅದೇ ತೊಂದರೆ ಇರಬೇಕೆಂದು ಎಲ್ಲರ ಊಹೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುವ ಫ್ಲೋರೈಡ್, ಸಮುದ್ರದಲ್ಲಿ ಸಹಜವಾಗಿಯೇ 1.3ರಷ್ಟಿದೆ! ಉಪ್ಪುನೀರಿನ ಮೀನಿಗೆ ಅದು ಹೊಸದೇನಲ್ಲ. ನಮ್ಮ ನೀರಿನ ನಿಜವಾದ ತೊಡಕು ಹೊಲದ ಗೊಬ್ಬರದಿಂದ ಇಳಿಯುವ ನೈಟ್ರೇಟ್, ಜೊತೆಗೆ ಸಿಲಿಕೇಟ್. ಇವೆರಡೂ ಕೂಡಿ ಟ್ಯಾಂಕ್ ತುಂಬ ಕಂದು ಪಾಚಿ ಎಬ್ಬಿಸುತ್ತವೆ.

ಊರೂರಿಗಿರುವ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತಂದರೆ ಸಾಲದೇ ಎಂದರೆ, ಅರ್ಧ ಸಾಕು. ಅದು ಆರ್‌ಓ ನೀರೇ, ಆದರೆ ಬಾಯಿಗೆ ರುಚಿಯಿರಲೆಂದು ಖನಿಜ ಉಳಿಸಿರುತ್ತಾರೆ. ಆ ಕ್ಯಾನಿನ ನೀರನ್ನು ಉಳಿದ ಖನಿಜ ಹೀರುವ ಡಿಐ ರೆಸಿನ್ ತುಂಬಿದ ಒಂದು ಕೊಳವೆಯಲ್ಲಿ ಹಾಯಿಸಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆ ಬಳಸಿ. ಮನೆಯ ಬೋರ್‌ನೀರನ್ನು ನೇರ ರೆಸಿನ್‌ಗೆ ಬಿಟ್ಟರೆ ರೆಸಿನ್ ವಾರಕ್ಕೇ ಮುಗಿಯುತ್ತದೆ.

ಉಪ್ಪು? ಅಡುಗೆಯ ಹರಳುಪ್ಪು ನಡೆಯುವುದಿಲ್ಲ. ಉಪ್ಪಿನಗದ್ದೆಯಲ್ಲಿ ಸಮುದ್ರದ ನೀರು ಒಣಗುವಾಗ ಸುಣ್ಣದಂಶ ಮೊದಲೇ ತಳಕ್ಕೆ ಕೂಡುತ್ತದೆ, ಮೆಗ್ನೀಸಿಯಂ ಕೊನೆಯ ಕಹಿನೀರಿನಲ್ಲಿ ಉಳಿದು ಹರಿದುಹೋಗುತ್ತದೆ. ನಡುವೆ ಹರಳುಗಟ್ಟುವುದಷ್ಟೇ ನಮ್ಮ ಅಡುಗೆಮನೆಗೆ ಬರುವುದು. ಸಮುದ್ರದ ನೀರಿನ ಲೀಟರಿನಲ್ಲಿ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ, 1,280 ಮಿಲಿಗ್ರಾಂ ಮೆಗ್ನೀಸಿಯಂ ಇರಬೇಕು. ಟ್ಯಾಂಕಿಗೆಂದೇ ಮಾಡಿದ ಉಪ್ಪನ್ನೇ ಕೊಳ್ಳಿ. ವಾರಕ್ಕೆ 30 ಲೀಟರ್ ಬದಲಿಸಿದರೆ ಒಂದು ಕಿಲೋ ಚಿಲ್ಲರೆ ಖರ್ಚಾಗುತ್ತದೆ.

6. ಸೊಳ್ಳೆ ಔಷಧ, ಹತ್ತಿ ಔಷಧ

ಹೊರಗಿನ ಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ನಮ್ಮಲ್ಲಿ ಇದಕ್ಕೇ ಒಂದು ಅಧ್ಯಾಯ ಬೇಕು.

ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸುರಪುರ, ಶಹಾಪುರದ ಸುತ್ತ ಭತ್ತದ ಗದ್ದೆ. ಗದ್ದೆಯ ಹಿಂದೆಯೇ ಸೊಳ್ಳೆ. ಪ್ರತಿ ಕೋಣೆಯಲ್ಲೂ ಪ್ಲಗ್ಗಿಗೆ ಚುಚ್ಚಿದ ಸೊಳ್ಳೆ ಔಷಧದ ಬಾಟಲಿ. ಅದರಲ್ಲಿರುವುದು ಪೈರೆಥ್ರಾಯ್ಡ್ ಜಾತಿಯ ವಿಷ. ಮನುಷ್ಯನಿಗೆ ಅಷ್ಟಾಗಿ ತಾಗದ್ದು ಸಿಗಡಿ, ಏಡಿ, ಕೊಪೆಪಾಡ್ ಜಾತಿಗೆ ನೂರು ಕೋಟಿ ಭಾಗಕ್ಕೆ ಕೆಲವೇ ಭಾಗವಿದ್ದರೂ ಮಾರಕ. ಏರ್‌ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದಲ್ಲ, ಅದರ ಜೊತೆ ಇದೂ ಇಳಿಯುತ್ತದೆ.

ಇಲ್ಲಿ ಮೋಸವಿರುವುದು ಸಮಯದಲ್ಲಿ. ಮೀನು ಅಂದೇ ಸಾಯುವುದಿಲ್ಲ. ಸಾಯುವುದು ಕೊಪೆಪಾಡ್, ಅದೂ ಸದ್ದಿಲ್ಲದೆ. ಮ್ಯಾಂಡರಿನ್ ಆಮೇಲೆ ಒಂದು ತಿಂಗಳು ಬಂಡೆ ಕುಕ್ಕುತ್ತ, ಏನೂ ಸಿಗದೆ, ಸಣಕಲಾಗಿ ಸಾಯುತ್ತದೆ. ಅಷ್ಟರಲ್ಲಿ ಯಾರಿಗೂ ಸೊಳ್ಳೆ ಬಾಟಲಿ ನೆನಪಿರುವುದಿಲ್ಲ. ಶಹಾಪುರದ ಒಂದು ಮನೆಯಲ್ಲಿ ಕಾರಣ ಸಿಕ್ಕದ್ದು ಸಿಗಡಿಯಿಂದ. ಎಂದೂ ಹೊರಗೆ ಕಾಣುತ್ತಿದ್ದ ಕೆಂಪುಪಟ್ಟೆಯ ಸಿಗಡಿ ಒಂದು ಬೆಳಿಗ್ಗೆ ಅಂಗಾತ ಬಿದ್ದಿತ್ತು, ಮೀನುಗಳು ಗಟ್ಟಿಮುಟ್ಟಾಗಿದ್ದವು. ಮೀನು ಉಳಿದು ಸಿಗಡಿ ಸತ್ತರೆ ಮೊದಲ ಅನುಮಾನ ಕೀಟನಾಶಕದ ಮೇಲೆ, ಎರಡನೆಯದು ತಾಮ್ರದ ಮೇಲೆ.

ಹತ್ತಿ ಸೀಸನ್ನಿನಲ್ಲಿ ಇನ್ನೂ ಬಿಗಿ. ಹೊಲದಲ್ಲಿ ಔಷಧ ಹೊಡೆದು ಬಂದವರು ಕೈ ತೊಳೆದುಕೊಂಡೇ ಟ್ಯಾಂಕಿಗೆ ಕೈ ಹಾಕುತ್ತಾರೆ. ಅಂಗಿಯ ತೋಳು, ಉಗುರಸಂದಿ ಯಾರು ನೋಡುತ್ತಾರೆ? "ಸಾಬಾನ್ ಹಚ್ಚಿ ತೊಳದೀನ್ರಿ" ಎನ್ನುತ್ತಾರೆ. ಆ ಸಾಬೂನೂ ಟ್ಯಾಂಕಿಗೆ ಬೇಡ. ಆ ದಿನಗಳಲ್ಲಿ ಟ್ಯಾಂಕಿನ ಕೆಲಸ ಮನೆಯಲ್ಲೇ ಇರುವವರದ್ದಾಗಲಿ. ಟ್ಯಾಂಕಿರುವ ಕೋಣೆಯಲ್ಲಿ ಮಲಗುವವರಿಗೆ ಸೊಳ್ಳೆಪರದೆ. ಏರ್‌ಪಂಪನ್ನು ಸೊಳ್ಳೆ ಔಷಧವಿಲ್ಲದ ಬೇರೆ ಕೋಣೆಯಲ್ಲಿಟ್ಟು ನಳಿಕೆ ಮಾತ್ರ ಒಳಗೆ ತನ್ನಿ. ಸಂಪಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಸದಾ ಇರಲಿ, ತಿಂಗಳಿಗೊಮ್ಮೆ ಬದಲಾಗಲಿ.

7. ಆರಿಸುವುದು, ತರುವುದು

ಅಂಗಡಿಯಲ್ಲಿ ಮೀನನ್ನು ಮುಂದಿನಿಂದ ಅಲ್ಲ, ಪಕ್ಕದಿಂದ, ಆಮೇಲೆ ಮೇಲಿನಿಂದ ನೋಡಿ. ಹೊಟ್ಟೆ ಒಳಹೋಗಿದ್ದರೆ, ಮೈಯುದ್ದದ ಗೆರೆ ಎದ್ದು ಕಂಡರೆ, ಅಗ್ಗವೆಂದು ಕರುಣೆಯಿಂದ ಕೊಳ್ಳಬೇಡಿ. ಅದು ಏನು ತಿನ್ನುತ್ತದೆ ಎಂದು ಕೇಳಿ, ನಿಮ್ಮೆದುರೇ ಹಾಕಿಸಿ ನೋಡಿ. ಅಮೆರಿಕದ ಓಆರ್‌ಎ ಸಂಸ್ಥೆ 2010ರ ಸುಮಾರಿಗೆ ಮ್ಯಾಂಡರಿನ್ ಮರಿ ಮಾಡಿಸಿ ಮಾರತೊಡಗಿತು. ಬಯೋಟಾ ಸಂಸ್ಥೆಯೂ ಮಾಡುತ್ತಿದೆ. ಹಾಗೆ ತೊಟ್ಟಿಯಲ್ಲೇ ಹುಟ್ಟಿದ ಮೀನು ಮರಿಯಿಂದಲೇ ಫ್ರೋಜನ್ ಆಹಾರ ಉಂಡು ಬೆಳೆದಿರುತ್ತದೆ. ನಾಲ್ಕು ಕಾಸು ಹೆಚ್ಚಾದರೂ ಅದೇ ಲೇಸು.

ಬಲೆಯಲ್ಲಿ ಹಿಡಿಯಲು ಬಿಡಬೇಡಿ. ಇದರ ಕೆನ್ನೆಯಲ್ಲಿ ಒಂದು ಕೊಕ್ಕೆಮುಳ್ಳಿದೆ, ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಾಗ ಮೀನು ಹರಿಯುತ್ತದೆ. ಮೈಗೆ ಹುರುಪೆಯೂ ಇಲ್ಲ, ಇರುವುದು ಕಹಿ ಲೋಳೆ. ಲೋಟದಲ್ಲಿ ಓಡಿಸಿ ಹಿಡಿಯಬೇಕು.

ಬೆಂಗಳೂರಿನಿಂದ ತರಲು ರಾತ್ರಿ ರೈಲೇ ಸರಿ. ಉದ್ಯಾನ್ ಎಕ್ಸ್‌ಪ್ರೆಸ್ ಬೆಳಕು ಹರಿಯುವ ಮೊದಲೇ ಯಾದಗಿರಿಗೆ ಮುಟ್ಟಿಸುತ್ತದೆ. ಶಹಾಪುರ, ಸುರಪುರಕ್ಕೆ ರೈಲಿಲ್ಲ, ಮುಂದಿನ ದಾರಿ ಬಿಸಿಲೇರುವುದರೊಳಗೆ ಮುಗಿಯಬೇಕು. ಥರ್ಮೋಕೋಲ್ ಪೆಟ್ಟಿಗೆ, ಆಮ್ಲಜನಕ ತುಂಬಿದ ಚೀಲ. ಅಕ್ಟೋಬರಿನಿಂದ ಫೆಬ್ರುವರಿ ಒಳಗೆ ತನ್ನಿ. ಮಾರ್ಚ್ ನಂತರ ಯಾರು ಕೇಳಿದರೂ ನಾನು ತರಿಸಿಕೊಡುವುದಿಲ್ಲ.

ಮನೆಗೆ ಬಂದ ಮೇಲೆ ಚೀಲ ಬಿಚ್ಚಿ ತಾಸುಗಟ್ಟಲೆ ತೊಟ್ಟು ತೊಟ್ಟು ನೀರು ಬೆರೆಸುತ್ತ ಕೂಡುವವರಿದ್ದಾರೆ. ದೂರದಿಂದ ಬಂದ ಚೀಲಕ್ಕೆ ಇದು ಅಪಾಯ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ನೀರು ಹುಳಿಯಾಗಿರುತ್ತದೆ. ಆ ಹುಳಿಯಲ್ಲಿ ಮೀನಿನ ಅಮೋನಿಯ ನಿರುಪದ್ರವಿ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹೋಗಿ ಹುಳಿ ಇಳಿಯುತ್ತದೆ, ಅಮೋನಿಯ ವಿಷವಾಗುತ್ತದೆ. ಅಂಗಡಿಯವರಿಗೆ ಮೊದಲೇ ಫೋನ್ ಮಾಡಿ ಅವರ ಉಪ್ಪಿನ ಪ್ರಮಾಣ ಕೇಳಿ, ಒಂದು ಬಕೆಟ್ ನೀರನ್ನು ಅದೇ ಹದಕ್ಕೆ ತಂದಿಟ್ಟುಕೊಳ್ಳಿ. ಮುಚ್ಚಿದ ಚೀಲ ತೇಲಿಬಿಟ್ಟು ತಾಪ ಒಂದಾದ ಮೇಲೆ ಬಿಚ್ಚಿ, ಮೀನನ್ನು ಬೇಗ ಬಕೆಟಿಗೆ ದಾಟಿಸಿ. ಚೀಲದ ನೀರು ಚರಂಡಿಗೆ. ಉಳಿದ ಹೊಂದಾಣಿಕೆ ಬಕೆಟಿನಲ್ಲಿ.

8. ಜೊತೆಗಾರರು, ರೋಗ

ಆರು ಗೆರೆಯ ರಾಸ್‌ನಂಥ ಚುರುಕು ಮೀನಿದ್ದರೆ ಮ್ಯಾಂಡರಿನ್‌ಗೆ ತುತ್ತು ಉಳಿಯುವುದಿಲ್ಲ. ಎರಡು ಗಂಡು ಒಟ್ಟಿಗೆ ಬೇಡ, ಒಂದು ಸಾಯುವತನಕ ಕಾದಾಡುತ್ತವೆ. ಬೆನ್ನಿನ ಮೊದಲ ರೆಕ್ಕೆಯಲ್ಲಿ ಉದ್ದ ಕಡ್ಡಿ ಇರುವುದು ಗಂಡು. ಜೋಡಿ ಹೊಂದಿದರೆ ಸಂಜೆ ಲೈಟ್ ಮಬ್ಬಾಗುವಾಗ ಎರಡೂ ಮೈಗೆ ಮೈ ತಾಗಿಸಿ ನೀರಿನ ಮೇಲ್ಮೈಗೆ ಏರಿ ತತ್ತಿ ಬಿಡುತ್ತವೆ. ಮುಂದಿನ ನಿಮಿಷದಲ್ಲಿ ತತ್ತಿ ನೀರಿನ ಕೊಳೆ ಎತ್ತುವ ಸ್ಕಿಮ್ಮರಿನ ಪಾಲು. ಮರಿ ಮಾಡಿಸುವ ಕನಸು ಕಾಣುವವರು ಮೊದಲು ಮೂರನೇ ಪಾಠವನ್ನು ಒಂದು ವರ್ಷ ನಡೆಸಿ ತೋರಿಸಲಿ.

ಮೊದಲ ಸಲ ಡ್ರ್ಯಾಗನೆಟ್ ಸಾಕುವವರಿಗೆ ನಾನು ಕೊಡಿಸುವುದು ಸ್ಕೂಟರ್ ಬ್ಲೆನ್ನಿ ಎಂದು ಮಾರುವ ಮೀನು. ಹೆಸರು ಬ್ಲೆನ್ನಿ, ಜಾತಿ ಡ್ರ್ಯಾಗನೆಟ್ಟೇ. ಬಣ್ಣ ಮಣ್ಣಿನದು, ಆದರೆ ಫ್ರೋಜನ್ ಆಹಾರಕ್ಕೆ ಬೇಗ ಒಗ್ಗುತ್ತದೆ.

ದಪ್ಪ ಲೋಳೆಯಿಂದಾಗಿ ಬಿಳಿಚುಕ್ಕಿ ರೋಗ ಮ್ಯಾಂಡರಿನ್‌ಗೆ ಸುಲಭಕ್ಕೆ ಹತ್ತುವುದಿಲ್ಲ. ಬೇರೆ ಮೀನಿಗೆ ಬಂತೆಂದು ಟ್ಯಾಂಕಿಗೆ ತಾಮ್ರದ ಔಷಧ ಹಾಕಿದರೆ ಮಾತ್ರ ಕೊಪೆಪಾಡ್ ಪೂರ್ತಿ ನಾಶ. ರೋಗದ ಮೀನನ್ನು ಹೊರತೆಗೆದು ಬೇರೆ ತೊಟ್ಟಿಯಲ್ಲಿ ಔಷಧ ಕೊಡಿ. ಮ್ಯಾಂಡರಿನ್ ರಾತ್ರಿ ಬೆದರಿ ಹಾರುವುದುಂಟು. ಗಾಜಿನ ಮುಚ್ಚಳ ಬಿಸಿ ಹಿಡಿದಿಡುವುದರಿಂದ ಸೊಳ್ಳೆಪರದೆಯ ಬಟ್ಟೆಯನ್ನೇ ಚೌಕಟ್ಟಿಗೆ ಬಿಗಿದು ಮುಚ್ಚಿ.

9. ಜಾತ್ರೆಗೆ ಹೋಗುವಾಗ

ಸಂಕ್ರಾಂತಿಗೆ ಮೈಲಾಪುರ, ಆಮೇಲೆ ತಿಂಥಣಿ, ಮೇ ತಿಂಗಳು ಪೂರ್ತಿ ಲಗ್ನಗಳು. ಟ್ಯಾಂಕ್ ಯಾರಿಗೆ ಒಪ್ಪಿಸಿ ಹೋಗುವುದು? ಕೊಪೆಪಾಡ್ ತುಂಬಿದ ಹಳೆಯ ಟ್ಯಾಂಕಿನಲ್ಲಿ ಮ್ಯಾಂಡರಿನ್ ನಾಲ್ಕೈದು ದಿನ ಯಾರ ಹಂಗೂ ಇಲ್ಲದೆ ಉಣ್ಣುತ್ತದೆ. ಉಳಿದ ಮೀನುಗಳೂ ಅಷ್ಟು ದಿನ ಉಪವಾಸ ತಡೆಯುತ್ತವೆ. ತಡೆಯದವರು ಪಕ್ಕದ ಮನೆಯವರು. "ಪಾಪ, ಹಸದಾವು" ಎಂದು ದಿನಕ್ಕೆ ಮೂರು ಸಲ ಕಾಳು ಸುರಿಯುತ್ತಾರೆ, ನೀವು ಮರಳುವ ಹೊತ್ತಿಗೆ ಟ್ಯಾಂಕ್ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಆಹಾರದ ಡಬ್ಬಿಗಳನ್ನೆಲ್ಲ ಕಪಾಟಿನಲ್ಲಿಟ್ಟು ಕೀಲಿ ಹಾಕಿಕೊಂಡು ಹೋಗಿ. ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಡಿಐ ನೀರಿನ ಕ್ಯಾನ್ ಪಕ್ಕದಲ್ಲಿಡಿ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ: ಗೆರೆಯವರೆಗೆ ಇದನ್ನೇ ಹಾಕಿ, ಬೇರೇನೂ ಹಾಕಬೇಡಿ. ಇನ್ವರ್ಟರ್ ಬ್ಯಾಟರಿಗೆ ನೀರು ಹೊರಡುವ ಹಿಂದಿನ ದಿನವೇ ಹಾಕಿರಿ, ಹೊರಡುವ ದಿನ ಬೆಳಿಗ್ಗೆ ಯಾರಿಗೂ ಪುರಸೊತ್ತಿರುವುದಿಲ್ಲ.